ಪಾವತಿಸಿದವರೂ ಪಾವತಿಸದವರೂ

ನಮ್ಮೂರಿನ ಒಂದು ಕಚೇರಿಯ ಗೋಡೆಗೆ ಕೆಲವು ವರ್ಷಗಳ ಹಿಂದೆ ಹೀಗೊಂದು ಪ್ರಕಟಣೆ ಅಂಟಿಸಿದ್ದರು: ‘ನೀರಿನ ಕಂದಾಯ ಪಾವತಿಸಿದವರ ನಲ್ಲಿ ಸಂಪರ್ಕವನ್ನು ಯಾವುದೇ ಮುನ್ಸೂಚನೆ ಇಲ್ಲದೆ ಕಡಿತಗೊಳಿಸಲಾಗುವುದು.’ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ಅದನ್ನು ಎರಡು ಸಲ ಓದಿದರು. ಕೈಯಲ್ಲಿದ್ದ ರಸೀದಿಯನ್ನು ನೋಡಿಕೊಂಡರು. ‘ಏನಪ್ಪಾ, ದುಡ್ಡು ಕಟ್ಟಿದ್ದೇ ತಪ್ಪಾಯ್ತಾ?’ ಎಂದು ಕಿಟಕಿಯೊಳಗೆ ತಲೆ ಹಾಕಿ ಕೇಳಿದರು. ಒಳಗಿದ್ದ ಹುಡುಗ ಪ್ರಕಟಣೆಯತ್ತ ಕಣ್ಣೂ ಹಾಯಿಸದೆ ಹೇಳಿದ: ‘ಅದು ಹಂಗಲ್ಲ ಯಜಮಾನ್ರೇ. ಎಲ್ಲರಿಗೂ ಗೊತ್ತಾಗುತ್ತೆ ಬಿಡಿ.’

ಅವನ ಮಾತು ಸುಳ್ಳೇನಲ್ಲ. ಎಲ್ಲರಿಗೂ ಗೊತ್ತಾಗಿತ್ತು. ಕಂದಾಯ ಕಟ್ಟಿದವರ ನೀರು ನಿಲ್ಲಿಸುವ ಊರು ಎಲ್ಲೂ ಇಲ್ಲ ಎಂಬ ಲೋಕಜ್ಞಾನವೇ ಆ ವಾಕ್ಯವನ್ನು ತಿದ್ದಿಕೊಂಡು ಓದಿಸಿತು. ಬಿದ್ದುಹೋಗಬೇಕಿದ್ದ ಗುಡಿಸು ಬೀಳದೆ ಉಳಿದಿತ್ತು, ಅಷ್ಟೆ. ‘ಸ’ ಇರಬೇಕಾದಲ್ಲಿ ‘ಸಿ’ ಬಂದು ಕೂತಿತ್ತು.

ನಮ್ಮ ಭಾಷೆಯ ಒಂದು ಸೂಕ್ಷ್ಮ ಇದು. ಪಾವತಿಸಿದ, ಪಾವತಿಸದ, ಸಲ್ಲಿಸಿದ, ಸಲ್ಲಿಸದ, ನೋಂದಾಯಿಸಿದ, ನೋಂದಾಯಿಸದ, ಅನುಮೋದಿಸಿದ, ಅನುಮೋದಿಸದ. ಹೌದು ಮತ್ತು ಅಲ್ಲಗಳ ನಡುವೆ ಇರುವುದು ಅಕ್ಷರದ ತಲೆಯ ಮೇಲಿನ ಒಂದು ಸಣ್ಣ ಸುರುಳಿ. ‘ಇಲ್ಲ’, ‘ಅಲ್ಲ’ ಎಂಬ ಪದಗಳು ಕಣ್ಣಿಗೆ ರಾಚುತ್ತವೆ. ಕ್ರಿಯಾಪದದ ಹೊಟ್ಟೆಯೊಳಗೆ ಅಡಗಿದ ಈ ನಿಷೇಧ ರಾಚುವುದಿಲ್ಲ. ಕಂಪ್ಯೂಟರಿನ ಕಾಗುಣಿತ ತಿದ್ದುವ ತಂತ್ರಾಂಶವೂ ಇಲ್ಲಿ ಕೈಕಟ್ಟಿ ಕೂರುತ್ತದೆ, ಏಕೆಂದರೆ ಎರಡೂ ಸರಿಯಾದ ಪದಗಳೇ. ಅನುಭವಸ್ಥ ಗುಮಾಸ್ತರು ‘ಪಾವತಿಸದೇ ಇರುವವರು’ ಎಂದು ಉದ್ದ ಎಳೆದು ಬರೆಯುವುದುಂಟು. ಕಚೇರಿ ಕನ್ನಡ ಜಾಳುಜಾಳು ಎಂದು ಮೂಗು ಮುರಿಯುವ ನಾನು ಆ ಒಂದು ಜಾಳುತನವನ್ನು ಮಾತ್ರ ಗೌರವಿಸುತ್ತೇನೆ. ಅದು ಬೆರಳಚ್ಚಿನ ಮೇಲೆ ನಂಬಿಕೆ ಇಲ್ಲದವರ ಎಚ್ಚರಿಕೆ.

ಆದರೆ ‘ಗೊತ್ತಾಗುತ್ತೆ ಬಿಡಿ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ಸರ್ಕಾರಿ ಕಾಗದಗಳಲ್ಲಿ, ಪ್ರಶ್ನೆಪತ್ರಿಕೆಗಳಲ್ಲಿ ತಪ್ಪುಗಳು ಹೇಗೆ ಉಳಿದುಕೊಳ್ಳುತ್ತವೆ ಎಂದು ಕೇಳಿದರೆ ಉತ್ತರದ ಮುಕ್ಕಾಲು ಪಾಲು ಈ ಎರಡು ಪದಗಳಲ್ಲೇ ಇದೆ. ಓದುಗನಿಗೆ ವಿಷಯ ಮೊದಲೇ ಗೊತ್ತಿದ್ದರೆ ವಾಕ್ಯ ಕುಂಟಿದರೂ ಅವನು ಕೈಹಿಡಿದು ದಾಟಿಸುತ್ತಾನೆ. ಗೊತ್ತಿಲ್ಲದ ಕಡೆ ಅವನಿಗೆ ಇರುವುದು ವಾಕ್ಯ ಮಾತ್ರ.

ಮೊದಲು, ಯಾವ ತಪ್ಪಿಗೆ ಸಿಟ್ಟಾಗಬೇಕು, ಯಾವುದಕ್ಕೆ ನಕ್ಕು ಮುಂದೆ ಹೋಗಬೇಕು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳೋಣ. ಜಾಲತಾಣಗಳಲ್ಲಿ ಹೆಚ್ಚು ಹರಿದಾಡುವುದು ಅಲ್ಪಪ್ರಾಣ, ಮಹಾಪ್ರಾಣಗಳ ತಪ್ಪು. ‘ಮದ್ಯಪಾನ ನಿಷೇಧಿಸಿದೆ’ ಎಂಬುದು ‘ಮಧ್ಯಪಾನ ನಿಷೇದಿಸಿದೆ’ ಆಗಿರುತ್ತದೆ. ‘ಸಹಾಯಧನ’ವು ‘ಸಹಾಯದನ’ವಾಗಿ ರೈತನಿಗೆ ಹಣದ ಬದಲು ಹಸು ಸಿಗುವ ಆಸೆ ಹುಟ್ಟಿಸುತ್ತದೆ. ಗೃಹ ಇಲಾಖೆ ‘ಗ್ರಹ ಇಲಾಖೆ’ಯಾಗಿ ಆಕಾಶಕ್ಕೆ ಏರುತ್ತದೆ. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ‘ಧೃಡೀಕರಣ ಪತ್ರ’. ದೃಢೀಕರಣ ಎಂಬಲ್ಲಿ ಮಹಾಪ್ರಾಣ ಇರಬೇಕಾದದ್ದು ಎರಡನೆಯ ಅಕ್ಷರಕ್ಕೆ. ಅದು ಮುಂದಕ್ಕೆ ಹಾರಿ ಮೊದಲನೆಯದರ ಮೇಲೆ ಕೂತಿರುತ್ತದೆ. ಯಾವುದೋ ಒಂದು ಸರಿ ಇದೆ ಎಂದು ಮೊಹರು ಒತ್ತಿ ಸಾರುವ ಕಾಗದದ ತಲೆಬರಹವೇ ತಪ್ಪು!

ಇದಕ್ಕೆ ಗುಮಾಸ್ತರನ್ನು ಬೈಯುವುದು ಸುಲಭ. ಆದರೆ ಕನ್ನಡಿಗರಲ್ಲಿ ಬಹುಪಾಲು ಜನ ಮಾತಿನಲ್ಲಿ ಮಹಾಪ್ರಾಣವನ್ನು ಉಚ್ಚರಿಸುವುದೇ ಇಲ್ಲ. ಬಾಯಲ್ಲಿ ಇಲ್ಲದ್ದನ್ನು ಕೈ ನೆನಪಿಟ್ಟುಕೊಳ್ಳಬೇಕು. ಹೀಗಾಗಿಯೇ ಡಿ.ಎನ್. ಶಂಕರ ಭಟ್ಟರು ಕನ್ನಡ ಬರಹಕ್ಕೆ ಮಹಾಪ್ರಾಣಗಳೇ ಬೇಡ ಎಂದು ವಾದಿಸಿದರು. ನಾನು ಅಷ್ಟು ದೂರ ಹೋಗಲಾರೆ. ಕಲಿತ ಕಣ್ಣು ಒಪ್ಪುವುದಿಲ್ಲ. ಆದರೆ ಅವರ ಮಾತಿನಲ್ಲಿ ಒಂದು ನಿಜವಿದೆ: ನಮ್ಮ ಬಹುಪಾಲು ‘ತಪ್ಪು’ಗಳು ಮಾತಿಗೂ ಬರಹಕ್ಕೂ ಇರುವ ದೂರದ ಅಳತೆ. ಭಯ ಹೆಚ್ಚಾದಾಗ ಎದುರುಗಡೆಯ ತಪ್ಪೂ ಆಗುತ್ತದೆ. ಬೇಡದ ಕಡೆ ಮಹಾಪ್ರಾಣ ಹಾಕಿ ‘ಜವಾಬ್ಧಾರಿ’, ‘ನಿರ್ಧಿಷ್ಟ’, ‘ಉಚ್ಛ ನ್ಯಾಯಾಲಯ’ ಎಂದು ಬರೆಯುವುದು ಅಸಡ್ಡೆಯಿಂದಲ್ಲ, ಅತಿ ಮರ್ಯಾದೆಯಿಂದ. ಹೊಟ್ಟೆ ಸೀಳಿದ ಅಕ್ಷರ ಹೆಚ್ಚು ಸರ್ಕಾರಿಯಾಗಿ ಕಾಣುತ್ತದೆ. ಎಷ್ಟೋ ಫಲಕಗಳಲ್ಲಿ ‘ಕಛೇರಿ’ ಎಂದೇ ಇದೆ. ಅದು ‘ಕಚೇರಿ’ ಆಗಬೇಕು ಎಂದು ಹೇಳಿ ಹೇಳಿ ಸೋತವರ ಪಟ್ಟಿ ದೊಡ್ಡದು. ಜಿ. ವೆಂಕಟಸುಬ್ಬಯ್ಯನವರು 1991ರಿಂದ ವರ್ಷಗಟ್ಟಲೆ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಇಂಥ ಅನುಮಾನಗಳಿಗೆ ಉತ್ತರ ಬರೆದರು. ಅನುಮಾನ ಇದ್ದವರು ಪತ್ರ ಬರೆದು ಕೇಳಿದರು. ಫಲಕ ಬರೆಸುವವರಿಗೆ ಅನುಮಾನವೇ ಬರುವುದಿಲ್ಲವಲ್ಲ.

ಇನ್ನು ಅರಿಸಮಾಸ ಹಿಡಿದು ಜಗಳವಾಡುವವರಿದ್ದಾರೆ. ಸಂಸ್ಕೃತ, ಕನ್ನಡಗಳನ್ನು ಹದವಿಲ್ಲದೆ ಬೆರೆಸುವುದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರ ಒಪ್ಪಲಿಲ್ಲ ನಿಜ. ಆ ಕಣ್ಣಿನಿಂದ ನೋಡಿದರೆ ‘ಮರುಪರೀಕ್ಷೆ’ ಎಂಬ ಪದಕ್ಕೂ ಅರಿಸಮಾಸದ ವಾಸನೆ ಬಡಿಯುತ್ತದೆ. ಬಡಿಯಲಿ ಬಿಡಿ. ಆ ಪದ ಕೇಳಿದ ಅಭ್ಯರ್ಥಿಯ ಎದೆ ಬಡಿದುಕೊಳ್ಳುವುದು ಸಮಾಸದ ಕಾರಣಕ್ಕಲ್ಲ.

ಮರುಪರೀಕ್ಷೆಯ ಮಾತು ಬಂತು, ಹೇಳಿಬಿಡುತ್ತೇನೆ. ಕರ್ನಾಟಕ ಲೋಕಸೇವಾ ಆಯೋಗ 2024ರ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಗಳು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಅಚ್ಚಾಗಿದ್ದವು. ಕನ್ನಡದ ಪಾಠ ಎಷ್ಟು ಕೆಟ್ಟಿತ್ತೆಂದರೆ, ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಎರಡು ತಿಂಗಳೊಳಗೆ ಮರುಪರೀಕ್ಷೆ ನಡೆಸುವುದಾಗಿ ಪ್ರಕಟಿಸಿದರು. ಲೋಪಕ್ಕೆ ಕಾರಣರಾದವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ ಎಂದರು. ಮರುಪರೀಕ್ಷೆ ನಡೆದದ್ದು ಡಿಸೆಂಬರ್ 29ರಂದು. ಆ ಪ್ರಶ್ನೆಪತ್ರಿಕೆಯಲ್ಲೂ ಅನುವಾದದ ತಪ್ಪುಗಳಿವೆ ಎಂದು ಅಭ್ಯರ್ಥಿಗಳು ಮತ್ತೆ ಬೀದಿಗೆ ಬಂದರು, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು, ನ್ಯಾಯಾಲಯದ ಬಾಗಿಲು ಬಡಿದರು. ಒಮ್ಮೆ ತಪ್ಪಾದರೆ ಅಜಾಗರೂಕತೆ ಎನ್ನಬಹುದು. ನಾಡಿನ ಕಣ್ಣೆಲ್ಲ ನೆಟ್ಟಿರುವಾಗ, ನಾಲ್ಕು ತಿಂಗಳ ಬಿಡುವು ಇದ್ದೂ ಎರಡನೆಯ ಸಲ ದೂರು ಬಂದರೆ, ಅದು ವ್ಯಕ್ತಿಯ ತಪ್ಪಿಗಿಂತ ವಿಧಾನದ ತಪ್ಪು ಎಂದೇ ನಾನು ತಿಳಿಯುತ್ತೇನೆ.

ಪೂರ್ವಭಾವಿ ಪರೀಕ್ಷೆಯ ಒಂದು ಪತ್ರಿಕೆಯಲ್ಲಿ 100 ಪ್ರಶ್ನೆ. ಸಮಯ ಎರಡು ಗಂಟೆ. ಅಂದರೆ ಪ್ರಶ್ನೆಯೊಂದಕ್ಕೆ 72 ಸೆಕೆಂಡು. ಓದಿ, ಯೋಚಿಸಿ, ಒಎಂಆರ್ ಹಾಳೆಯ ಉರುಟನ್ನು ತುಂಬುವುದಕ್ಕೂ ಸೇರಿ. ಇಂಗ್ಲಿಷ್ ಬಲ್ಲವನು ಒಮ್ಮೆ ಓದುತ್ತಾನೆ. ಕನ್ನಡ ಮಾಧ್ಯಮದವನು ಕನ್ನಡ ಓದುತ್ತಾನೆ, ಅರ್ಥವಾಗದೆ ಇನ್ನೊಮ್ಮೆ ಓದುತ್ತಾನೆ, ಇಂಗ್ಲಿಷಿನತ್ತ ಹೊರಳುತ್ತಾನೆ, ಅದನ್ನು ತನ್ನೊಳಗೇ ಕನ್ನಡಕ್ಕೆ ತಂದುಕೊಳ್ಳುತ್ತಾನೆ, ಆಮೇಲೆ ಉತ್ತರ ಹುಡುಕುತ್ತಾನೆ. ಅನುವಾದಕನಿಗೆ ಸಂಬಳ ಕೊಟ್ಟು ಮಾಡಿಸಿದ ಕೆಲಸವನ್ನು ಇವನು 72 ಸೆಕೆಂಡಿನಲ್ಲಿ ಪುಕ್ಕಟೆಯಾಗಿ ಮಾಡಿಕೊಳ್ಳಬೇಕು. ತಪ್ಪು ಉತ್ತರಕ್ಕೆ ಅಂಕ ಕಡಿತ ಬೇರೆ. ಕೃಪಾಂಕ ಕೊಟ್ಟು ಒಂದು ಕೆಟ್ಟ ಪ್ರಶ್ನೆಯ ಅಂಕ ತುಂಬಿಕೊಡಬಹುದು. ಆ ಪ್ರಶ್ನೆ ನುಂಗಿದ ಮೂರು ನಿಮಿಷವನ್ನು, ಅದರಿಂದ ಮುಂದಿನ ಎರಡು ಪ್ರಶ್ನೆಗಳಿಗೆ ಆದ ಗಾಬರಿಯನ್ನು ಯಾವ ಆದೇಶವೂ ಹಿಂದಿರುಗಿಸುವುದಿಲ್ಲ.

ಇಲ್ಲಿ ಆಗುವ ತಪ್ಪು ದ-ಧಗಳದ್ದಲ್ಲ. ವಾಕ್ಯದ ಕಟ್ಟಡದ್ದು. ಒಂದು ಉದಾಹರಣೆಯನ್ನು ನಾನೇ ಕಟ್ಟಿ ತೋರಿಸುತ್ತೇನೆ. ಹೇಳಿಕೆ ಹೀಗಿದೆ ಎನ್ನಿ: ‘ಕರ್ನಾಟಕದ ಎಲ್ಲ ನದಿಗಳೂ ಪೂರ್ವಕ್ಕೆ ಹರಿಯುವುದಿಲ್ಲ.’ ಸರಿಯೋ ತಪ್ಪೋ? ಮೂಲ ಬರೆದವನ ಮನಸ್ಸಿನಲ್ಲಿದ್ದದ್ದು, ಕೆಲವು ಪೂರ್ವಕ್ಕೂ ಕೆಲವು ಪಶ್ಚಿಮಕ್ಕೂ ಹರಿಯುತ್ತವೆ ಎಂಬುದು. ಕಾವೇರಿ, ತುಂಗಭದ್ರೆ ಪೂರ್ವಕ್ಕೆ. ಶರಾವತಿ, ಕಾಳಿ, ನೇತ್ರಾವತಿ ಪಶ್ಚಿಮಕ್ಕೆ. ಹಾಗಾದರೆ ಹೇಳಿಕೆ ಸರಿ. ಆದರೆ ಅಚ್ಚಾದ ಕನ್ನಡ ವಾಕ್ಯವನ್ನು ಕನ್ನಡದ ಕಿವಿಯಿಂದ ಕೇಳಿ: ಒಂದು ನದಿಯೂ ಪೂರ್ವಕ್ಕೆ ಹರಿಯುವುದಿಲ್ಲ ಎಂದಂತಾಯಿತು. ಹಾಗಾದರೆ ಹೇಳಿಕೆ ತಪ್ಪು. ಇಂಗ್ಲಿಷ್ ತನ್ನ ‘ನಾಟ್’ ಅನ್ನು ‘ಆಲ್’ನ ತಲೆಯ ಮೇಲೇ ಇಡಬಲ್ಲದು, ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಬಾಲಕ್ಕೆ ಹೋಗಿ ಅಂಟುತ್ತದೆ, ಅಲ್ಲಿಂದ ಇಡೀ ವಾಕ್ಯವನ್ನು ಆಳುತ್ತದೆ. ‘ಎಲ್ಲ ನದಿಗಳೂ ಪೂರ್ವಕ್ಕೇ ಹರಿಯುತ್ತವೆ ಎಂದೇನಿಲ್ಲ’ ಎಂದು ಬರೆದಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಆ ‘ಎಂದೇನಿಲ್ಲ’ ಯಾವ ಪದಕೋಶದಲ್ಲೂ ‘ನಾಟ್ ಆಲ್’ಗೆ ಎದುರಾಗಿ ಸಿಗುವುದಿಲ್ಲ. ಮನೆಯಲ್ಲಿ ಕನ್ನಡ ಆಡಿದವರಿಗೆ ಸಿಗುತ್ತದೆ.

‘ಮಾತ್ರ’ ಎಂಬ ಎರಡಕ್ಷರವೂ ಅಷ್ಟೇ ಅಪಾಯಕಾರಿ. ‘ರಾಜ್ಯಪಾಲರು ಮಾತ್ರ ಮಸೂದೆಯನ್ನು ಹಿಂದಿರುಗಿಸಬಹುದು’, ‘ರಾಜ್ಯಪಾಲರು ಮಸೂದೆಯನ್ನು ಒಮ್ಮೆ ಮಾತ್ರ ಹಿಂದಿರುಗಿಸಬಹುದು’, ‘ರಾಜ್ಯಪಾಲರು ಮಸೂದೆಯನ್ನು ಹಿಂದಿರುಗಿಸಬಹುದು ಮಾತ್ರ’. ಮೂರು ವಾಕ್ಯ, ಮೂರು ಬೇರೆ ಬೇರೆ ಸಂವಿಧಾನ. ‘ಮಾತ್ರ’ ತನ್ನ ಹಿಂದಿನ ಪದವನ್ನು ಹಿಡಿದುಕೊಳ್ಳುತ್ತದೆ. ಇಂಗ್ಲಿಷಿನ ‘ಓನ್ಲಿ’ ಸಾಮಾನ್ಯವಾಗಿ ತನ್ನ ಮುಂದಿನದನ್ನು. ಪದದಿಂದ ಪದಕ್ಕೆ ಸಾಗುವ ಅನುವಾದಕ ಇದನ್ನು ಮರೆತನೋ, ಕೀ ಉತ್ತರ ಒಂದು ದಾರಿ, ಪ್ರಶ್ನೆ ಇನ್ನೊಂದು ದಾರಿ.

ಮೂರನೆಯದು ಉದ್ದ ವಾಕ್ಯ. ‘ಯಾವ ಆಯೋಗವು ಸರ್ಕಾರದಿಂದ 1972ರಲ್ಲಿ ನೇಮಿಸಲ್ಪಟ್ಟು ಅದು ತನ್ನ ವರದಿಯನ್ನು 1975ರಲ್ಲಿ ಸಲ್ಲಿಸಿತೋ ಅದರ ಅಧ್ಯಕ್ಷತೆಯು ಯಾರಿಂದ ವಹಿಸಲ್ಪಟ್ಟಿತ್ತು?’ ಇದೂ ನಾನು ಹೆಣೆದದ್ದೇ. ಆದರೆ ಇಂಥ ವಾಕ್ಯವನ್ನು ಎಲ್ಲೋ ಓದಿದ್ದೇವಲ್ಲ ಎಂದು ನಿಮಗೆ ಅನ್ನಿಸುತ್ತಿದ್ದರೆ ಅದು ನನ್ನ ಪ್ರತಿಭೆಯಲ್ಲ. ಕನ್ನಡದಲ್ಲಿ ವಿಶೇಷಣಗಳೆಲ್ಲ ನಾಮಪದದ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ: ‘1972ರಲ್ಲಿ ಸರ್ಕಾರ ನೇಮಿಸಿದ, 1975ರಲ್ಲಿ ವರದಿ ಕೊಟ್ಟ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರು ಯಾರು?’ ಎಲ್.ಜಿ. ಹಾವನೂರು ಎಂಬ ಉತ್ತರ ಗೊತ್ತಿದ್ದವನು ಎರಡನೆಯ ವಾಕ್ಯಕ್ಕೆ ಹತ್ತು ಸೆಕೆಂಡಿನಲ್ಲಿ ಗುರುತು ಹಾಕುತ್ತಾನೆ. ಮೊದಲನೆಯದು ಅವನ ಇತಿಹಾಸಜ್ಞಾನವನ್ನು ಪರೀಕ್ಷಿಸುವುದಿಲ್ಲ, ತಾಳ್ಮೆಯನ್ನು ಪರೀಕ್ಷಿಸುತ್ತದೆ.

ವಿಜ್ಞಾನದ ಪ್ರಶ್ನೆಗಳಲ್ಲಿ ಇನ್ನೊಂದು ಬಲೆ. ನಮ್ಮ ಶಾಲಾ ಪಠ್ಯದಲ್ಲಿ ಫೋರ್ಸ್ ಎಂದರೆ ಬಲ, ಎನರ್ಜಿ ಎಂದರೆ ಶಕ್ತಿ, ಪವರ್ ಎಂದರೆ ಸಾಮರ್ಥ್ಯ. ಸ್ಪೀಡ್ ಜವ, ವೆಲಾಸಿಟಿ ವೇಗ. ಹಳ್ಳಿಯ ಶಾಲೆಯಲ್ಲಿ ಓದಿದ ಹುಡುಗಿ ಇವನ್ನು ಕಟ್ಟುನಿಟ್ಟಾಗಿ ಕಲಿತು ಬಂದಿರುತ್ತಾಳೆ. ಅನುವಾದಕ ದಿನಬಳಕೆಯ ಮಾತಿನಂತೆ ಪವರ್‌ಗೆ ‘ಶಕ್ತಿ’ ಎಂದು ಬರೆದರೆ, ಪಾಠವನ್ನು ಚೆನ್ನಾಗಿ ಓದಿದವಳೇ ತಪ್ಪು ಉತ್ತರ ಬರೆಯುತ್ತಾಳೆ. ಪಠ್ಯಪುಸ್ತಕವನ್ನು ಮಗ್ಗುಲಲ್ಲಿ ಇಟ್ಟುಕೊಂಡು ಅನುವಾದಿಸಿದ್ದರೆ ಮುಗಿಯುತ್ತಿತ್ತು. ಇದಕ್ಕೆ ಪಾಂಡಿತ್ಯ ಬೇಡ, ಯಾವ ಪುಸ್ತಕ ತೆರೆಯಬೇಕು ಎಂಬ ಅರಿವು ಸಾಕು.

ಹಾಗಾದರೆ ಕನ್ನಡ ಬಲ್ಲವರು ಇಲ್ಲವೇ? ಬೇಕಾದಷ್ಟು ಇದ್ದಾರೆ. ತೊಂದರೆ ಇರುವುದು ಕನ್ನಡ ಬರುವ ಹೊತ್ತಿನಲ್ಲಿ. ಪ್ರಶ್ನೆ ಹುಟ್ಟುವುದು ಇಂಗ್ಲಿಷಿನಲ್ಲಿ. ವಿಷಯತಜ್ಞ ಅದನ್ನು ನೋಡಿ, ತಿದ್ದಿ, ಒಪ್ಪಿದ ಮೇಲೆ ಕೊನೆಯ ಗಳಿಗೆಯಲ್ಲಿ, ಗೋಪ್ಯತೆಯ ಕೋಣೆಯಲ್ಲಿ, ಕನ್ನಡ ಮಾಡಿಕೊಡಿ ಎಂದು ಯಾರ ಕೈಗೋ ಹೋಗುತ್ತದೆ. ಭೂಗೋಳದ ತಜ್ಞನಿಗೆ ಕನ್ನಡದ ಉಸಾಬರಿ ಇಲ್ಲ, ಕನ್ನಡ ಮಾಡುವವನಿಗೆ ಭೂಗೋಳದ್ದಿಲ್ಲ. ಗುಟ್ಟು ಕಾಪಾಡಬೇಕಾದ್ದರಿಂದ ಹೊರಗಿನ ಮೂರನೆಯ ಕಣ್ಣು ಬೀಳುವುದಿಲ್ಲ. ಪ್ರಶ್ನೆಪತ್ರಿಕೆಯ ಕನ್ನಡ ಪಾಠವನ್ನು ಒಬ್ಬ ಓದುಗ, ಓದುಗನಾಗಿ, ಇಂಗ್ಲಿಷ್ ಪಕ್ಕಕ್ಕಿಟ್ಟು ಮೊದಲ ಬಾರಿ ಓದುವುದು ಪರೀಕ್ಷಾ ಕೊಠಡಿಯಲ್ಲೇ.

ಇದಕ್ಕೊಂದು ಕಾವಲಿನ ವಾಕ್ಯವೂ ಇದೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮ ಎಂಬ ಸೂಚನೆ ವೈದ್ಯಕೀಯ ಪ್ರವೇಶದ ನೀಟ್‌ನಂಥ ಅಖಿಲ ಭಾರತ ಪರೀಕ್ಷೆಗಳಲ್ಲಿ ರೂಢಿ. ಮೇಲ್ನೋಟಕ್ಕೆ ಇದು ವಿವೇಕದ ಏರ್ಪಾಡು. ಎರಡು ಪಾಠಗಳಿದ್ದಾಗ ಒಂದು ಮೇಲಿರಬೇಕು. ಆದರೆ ಅದು ಮಾಡುವ ಕೆಲಸ ಬೇರೆ: ತಪ್ಪಿನ ಬೆಲೆಯನ್ನು ಮಾಡಿದವನ ಖಾತೆಯಿಂದ ತೆಗೆದು ಓದುವವನ ಖಾತೆಗೆ ಹಾಕುತ್ತದೆ. ಇಂಗ್ಲಿಷ್ ಬಾರದು ಎಂದೇ ಇನ್ನೊಂದು ಭಾಷೆ ಆಯ್ದುಕೊಂಡವನಿಗೆ, ಅನುಮಾನ ಬಂದರೆ ಇಂಗ್ಲಿಷ್ ನೋಡಿಕೋ ಎನ್ನುವುದು, ಕುಂಟನಿಗೆ ಊರುಗೋಲು ಮುರಿದರೆ ಓಡು ಎಂದಂತೆ.

ತಮಿಳುನಾಡಿನಲ್ಲಿ 2018ರಲ್ಲಿ ಇದು ಪರೀಕ್ಷೆಗೇ ಒಡ್ಡಿಕೊಂಡಿತು. ಆ ವರ್ಷದ ಮೇ 6ರಂದು ಸಿಬಿಎಸ್‌ಇ ನಡೆಸಿದ ನೀಟ್‌ನ ತಮಿಳು ಪತ್ರಿಕೆಯ 180 ಪ್ರಶ್ನೆಗಳಲ್ಲಿ 49ರ ಅನುವಾದ ತಪ್ಪು ಎಂದು ಸಿಪಿಎಂನ ರಾಜ್ಯಸಭಾ ಸದಸ್ಯ ಟಿ.ಕೆ. ರಂಗರಾಜನ್ ಮದ್ರಾಸ್ ಹೈಕೋರ್ಟಿಗೆ ಹೋದರು. ಚೀತಾ ಎಂಬ ಪ್ರಾಣಿಯ ಹೆಸರು ‘ಸೀತಾ’ ಎಂದು ಓದಿಕೊಳ್ಳುವ ಹಾಗೆ ಅಚ್ಚಾಗಿತ್ತೆಂಬುದು ಆಗ ಪತ್ರಿಕೆಗಳಲ್ಲಿ ಬಂದ ಉದಾಹರಣೆ. ಜುಲೈ 10ರಂದು ಮದುರೆ ಪೀಠ, ತಮಿಳಿನಲ್ಲಿ ಬರೆದ ಎಲ್ಲರಿಗೂ ಪ್ರಶ್ನೆಗೆ ನಾಲ್ಕರಂತೆ 196 ಅಂಕ ಕೊಟ್ಟು ರ‍್ಯಾಂಕ್ ಪಟ್ಟಿಯನ್ನು ಹೊಸದಾಗಿ ಮಾಡಿ ಎಂದಿತು. ಹತ್ತೇ ದಿನದಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ನವೆಂಬರಿನಲ್ಲಿ ಆ ತೀರ್ಪನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟಿನ ಕಷ್ಟ ನನಗೆ ಅರ್ಥವಾಗುತ್ತದೆ. ಒಟ್ಟು 720 ಅಂಕದ ಪರೀಕ್ಷೆಯಲ್ಲಿ 196ನ್ನು ಒಂದೇ ಏಟಿಗೆ ಹಂಚಿದರೆ ಮಿಕ್ಕ ಭಾಷೆಗಳವರ ಗತಿ ಏನು? ಕೊಟ್ಟರೂ ಅನ್ಯಾಯ, ಕೊಡದಿದ್ದರೂ ಅನ್ಯಾಯ. ಅಚ್ಚಾದ ಮೇಲೆ ಅನುವಾದದ ತಪ್ಪಿಗೆ ನ್ಯಾಯದ ಪರಿಹಾರವೇ ಇಲ್ಲ ಎಂಬುದನ್ನು ಆ ಪ್ರಕರಣ ಎಲ್ಲಕ್ಕಿಂತ ಚೆನ್ನಾಗಿ ತೋರಿಸಿತು.

ಹಿಂದಿಯವರೂ ಇದರಿಂದ ಹೊರತಲ್ಲ. 2014ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಸಿ-ಸ್ಯಾಟ್ ಪತ್ರಿಕೆ ವಿರುದ್ಧ ದೆಹಲಿಯಲ್ಲಿ ಚಳವಳಿ ಎದ್ದಾಗ, ಉಕ್ಕಿನ ಸ್ಥಾವರ ಎಂಬರ್ಥದ ‘ಸ್ಟೀಲ್ ಪ್ಲಾಂಟ್’ ಹಿಂದಿಯಲ್ಲಿ ಉಕ್ಕಿನ ಗಿಡವಾಗಿದೆ ಎಂದು ಹುಡುಗರು ಫಲಕ ಹಿಡಿದು ಗೇಲಿ ಮಾಡಿದರು. ಮರುವರ್ಷದಿಂದ ಆ ಪತ್ರಿಕೆ ಶೇ. 33 ಅಂಕ ಪಡೆದರೆ ಸಾಕೆಂಬ ಅರ್ಹತಾ ಪತ್ರಿಕೆಯಾಯಿತು.

ಇಂಗ್ಲಿಷೇ ಅಂತಿಮ ಎಂಬ ಮಾತಿನ ಬೇರು ಪರೀಕ್ಷಾ ಕೊಠಡಿಗಿಂತ ಆಳದಲ್ಲಿದೆ. 1963ರ ರಾಜಭಾಷಾ ಕಾಯ್ದೆಯಿಂದ ಕನ್ನಡ ರಾಜ್ಯದ ಆಡಳಿತ ಭಾಷೆ. ಆದರೆ ಸಂವಿಧಾನದ 348ನೆಯ ವಿಧಿಯ ಮೂರನೆಯ ಖಂಡವನ್ನು ಓದಿ: ವಿಧಾನಮಂಡಲ ಮಸೂದೆಯನ್ನು ರಾಜ್ಯದ ಭಾಷೆಯಲ್ಲೇ ಅಂಗೀಕರಿಸಿದರೂ, ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಅದರ ಇಂಗ್ಲಿಷ್ ಅನುವಾದವೇ ಅಧಿಕೃತ ಪಾಠ. ಮೂಲಕ್ಕಿಂತ ಅನುವಾದ ದೊಡ್ಡದು! ಹೆತ್ತವಳಿಗಿಂತ ಎತ್ತಿಕೊಂಡವಳ ಮಾತೇ ಪ್ರಮಾಣ. ಹೈಕೋರ್ಟಿನ ಭಾಷೆ ಇಂಗ್ಲಿಷ್ ಆಗಿರುವವರೆಗೆ ಇದಕ್ಕೆ ಕಾರಣವೂ ಇದೆ, ನಾನು ತಕರಾರು ತೆಗೆಯುತ್ತಿಲ್ಲ. ಆದರೆ ತನ್ನ ವಾಕ್ಯದ ಮೇಲೆ ಎಂದೂ ತೀರ್ಪು ನಿಲ್ಲುವುದಿಲ್ಲ ಎಂದು ಗೊತ್ತಿದ್ದವನು ಆ ವಾಕ್ಯವನ್ನು ಎಷ್ಟು ಜೋಪಾನವಾಗಿ ಬರೆದಾನು?

ಹೀಗೆ ಹುಟ್ಟಿದ್ದು ಕಚೇರಿ ಕನ್ನಡ. ಅದರ ಹಳೆಯ ಭಾಗ ನನಗೆ ಇಷ್ಟ. ಪಹಣಿ, ಖಾತೆ, ಜಮಾಬಂದಿ, ದರಖಾಸ್ತು, ತಕರಾರು, ವಜಾ, ಮಂಜೂರು, ರುಜು: ಎಲ್ಲಿಂದಲೋ ಬಂದು ಊರವರ ಬಾಯಲ್ಲಿ ನುರಿದ ಮಾತುಗಳು. ಓದು ಬಾರದ ರೈತನೂ ಇವನ್ನು ತಪ್ಪಿಲ್ಲದೆ ಬಳಸುತ್ತಾನೆ. ತೊಂದರೆ ಕೊಡುವುದು ಆಮೇಲೆ ಬಂದ ‘ಲಾಗಿದೆ’. ತಿಳಿಸಲಾಗಿದೆ, ಸೂಚಿಸಲಾಗಿದೆ, ಪರಿಶೀಲಿಸಲಾಗುವುದು, ಕ್ರಮ ಕೈಗೊಳ್ಳಲಾಗುವುದು. ಯಾರು ಕೈಗೊಳ್ಳುತ್ತಾರೆ? ವಾಕ್ಯದಲ್ಲಿ ಕರ್ತೃವೇ ಇಲ್ಲ. ಇದನ್ನು ವ್ಯಾಕರಣದ ತಪ್ಪು ಎನ್ನಲಾಗದು, ವ್ಯಾಕರಣ ಶುದ್ಧವಾಗಿಯೇ ಇದೆ. ಆದರೂ ಕಡತ ಯಾರ ಮೇಜಿನ ಮೇಲೆ ಮಲಗಿದೆ ಎಂದು ಆ ವಾಕ್ಯ ಎಂದಿಗೂ ಹೇಳುವುದಿಲ್ಲ. ಅಕ್ಷರದೋಷದ ಸುತ್ತೋಲೆಯನ್ನು ನಾನು ಕ್ಷಮಿಸಿಯೇನು, ಇದನ್ನು ಮಾತ್ರ ಕ್ಷಮಿಸಲಾರೆ.

ಹೆಸರಿನ ತಪ್ಪು ಇನ್ನೊಂದು ಜಾತಿಯದು. ಪಹಣಿಯಲ್ಲಿ ಸಿದ್ದಪ್ಪ, ಆಧಾರ್‌ನಲ್ಲಿ ಸಿದ್ಧಪ್ಪ, ಬ್ಯಾಂಕ್ ಪುಸ್ತಕದಲ್ಲಿ ಸಿದ್ದಪ್ಪನ ಮುಂದೆ ಅಪ್ಪನ ಹೆಸರು. ಊರಿನಲ್ಲಿ ಇವನೊಬ್ಬನೇ ಎಂದು ಎಲ್ಲರಿಗೂ ಗೊತ್ತು. ಹಿಂದೆ ಶಾನುಭೋಗರ ಕಾಲದಲ್ಲಿ ಅಷ್ಟು ಸಾಕಿತ್ತು, ಅವರಿಗೂ ‘ಗೊತ್ತಾಗುತ್ತಿತ್ತು’. ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ದ್ದ ಬೇರೆ, ದ್ಧ ಬೇರೆ, ಇಬ್ಬರು ಮನುಷ್ಯರು. ಬೆಳೆ ವಿಮೆಯೋ ಪರಿಹಾರವೋ ಬಂದು ಬಾಗಿಲಲ್ಲಿ ನಿಂತಾಗ ಸಿದ್ದಪ್ಪ ನಾಡಕಚೇರಿಗೂ ನೋಟರಿಯ ಬಳಿಗೂ ಅಲೆದು, ಆ ಇಬ್ಬರೂ ತಾನೇ ಎಂದು ಅಫಿಡವಿಟ್ ಮಾಡಿಸಬೇಕು. ಮಹಾಪ್ರಾಣದ ಬಗ್ಗೆ ಮೇಲೆ ಅಷ್ಟು ಉದಾರವಾಗಿ ಮಾತಾಡಿದೆನಲ್ಲ, ಇಲ್ಲಿ ಸ್ವಲ್ಪ ಹಿಂದೆ ಸರಿಯುತ್ತೇನೆ. ಓದುವವನು ಮನುಷ್ಯನಾಗಿದ್ದರೆ ಆ ಉದಾರತೆ ನಡೆಯುತ್ತದೆ, ಯಂತ್ರವಾದರೆ ಇಲ್ಲ.

ಯಂತ್ರಕ್ಕೇ ಅನುವಾದ ಒಪ್ಪಿಸಿದರಾಯಿತು ಎನ್ನುವವರು ಈಗ ಹೆಚ್ಚಾಗಿದ್ದಾರೆ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಅಂತಿಮ ದರ್ಶನ ಪಡೆದರೆಂದು ಕನ್ನಡದಲ್ಲಿ ಹಾಕಿದ ಫೇಸ್‌ಬುಕ್ ಬರಹವನ್ನು ಆ ಜಾಲತಾಣದ ಸ್ವಯಂಚಾಲಿತ ಅನುವಾದ ಇಂಗ್ಲಿಷಿಗೆ ತಂದದ್ದು ಹೇಗೆಂದರೆ, ತೀರಿಕೊಂಡವರು ಸಿದ್ದರಾಮಯ್ಯನವರೇ ಆಗಿಬಿಟ್ಟರು. ಮುಖ್ಯಮಂತ್ರಿಯವರ ಕಡೆಯಿಂದ ಪತ್ರ ಹೋಯಿತು, ಮೆಟಾ ಕ್ಷಮೆ ಕೇಳಿತು. ಯಂತ್ರ ಎಡವಿದ್ದು ಅಪರೂಪದ ಪದದಲ್ಲಲ್ಲ. ಯಾರು ಯಾರಿಗೆ ಏನಾದರು ಎಂಬ ಕಾರಕ ಸಂಬಂಧದಲ್ಲಿ. ಮುಖ್ಯಮಂತ್ರಿಯಾದ್ದರಿಂದ ಪತ್ರ ಹೋಯಿತು. ಪ್ರಶ್ನೆಪತ್ರಿಕೆಯ 63ನೆಯ ಪ್ರಶ್ನೆಯ ಪರವಾಗಿ ಅದೇ ವೇಗದಲ್ಲಿ ಪತ್ರ ಬರೆಯುವವರು ಯಾರು?

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಕರ್ನಾಟಕದ ಇತಿಹಾಸ, ಭೂಗೋಳ, ಪಂಚಾಯತ್ ವ್ಯವಸ್ಥೆಯ ಪ್ರಶ್ನೆಗಳನ್ನಾದರೂ ಮೊದಲು ಕನ್ನಡದಲ್ಲೇ ತೆಗೆಯಬಹುದು. ಇಂಗ್ಲಿಷ್ ಅದರ ಅನುವಾದವಾಗಲಿ. ಹಾವನೂರು ವರದಿಯ ಬಗ್ಗೆ, ತುಂಗಭದ್ರಾ ಅಣೆಕಟ್ಟಿನ ಬಗ್ಗೆ ಕೇಳಲು ಇಂಗ್ಲಿಷಿನ ಮೂಲಕ ಸುತ್ತಿ ಬರುವ ಅಗತ್ಯವಾದರೂ ಏನು? ಅಚ್ಚಿಗೆ ಹೋಗುವ ಮುನ್ನ, ಅದೇ ಬೀಗ ಹಾಕಿದ ಕೋಣೆಯೊಳಗೆ, ಇಂಗ್ಲಿಷ್ ಪಾಠವನ್ನೇ ನೋಡದ ಒಬ್ಬರಿಗೆ ಕನ್ನಡ ಪಾಠವನ್ನು ಗಟ್ಟಿಯಾಗಿ ಓದಲು ಕೊಟ್ಟು, ಉತ್ತರ ಗುರುತಿಸಿ ಎನ್ನಬಹುದು. ಅವರ ಉತ್ತರ ಕೀ ಉತ್ತರಕ್ಕೆ ಹೊಂದದಿದ್ದರೆ ಪ್ರಶ್ನೆ ವಾಪಸ್. ನಾಲಿಗೆ ತಡವರಿಸಿದ ಕಡೆ ವಾಕ್ಯ ಕೆಟ್ಟಿದೆ ಎಂದೇ ಲೆಕ್ಕ. ಕನ್ನಡದ ಕಿವಿಗಿಂತ ಒಳ್ಳೆಯ ತಂತ್ರಾಂಶ ಇನ್ನೂ ಬಂದಿಲ್ಲ. ಅಂಗಡಿ ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದೆವು, ಟೇಪು ಹಿಡಿದು ಅಳೆಯಲು ಓಡಾಡಿದೆವು. ನಮ್ಮದೇ ಸರ್ಕಾರದ ಪ್ರಶ್ನೆಪತ್ರಿಕೆಯಲ್ಲಿ ಅರ್ಧಭಾಗ ಕನ್ನಡ ಅಚ್ಚಾಗುತ್ತದೆ. ಅಳತೆಗೆ ಅದು ಸರಿಯಾಗಿಯೇ ಇದೆ.

ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಈ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಒಂದನೆಯ ತರಗತಿಯಿಂದ ಪದವಿಯವರೆಗೆ ಕನ್ನಡ ಮಾಧ್ಯಮ. ಹಬ್ಬಕ್ಕೆ ಬಂದಾಗ ತಯಾರಿ ಹೇಗಿದೆ ಎಂದು ಕೇಳಿದೆ. ‘ಈಗ ಪರವಾಗಿಲ್ಲ ಸರ್, ಟೈಮ್ ಸಾಕಾಗುತ್ತೆ’ ಎಂದ. ಏನು ಮಾಡಿದೆ ಎಂದರೆ, ಅಣಕು ಪರೀಕ್ಷೆಗಳಲ್ಲಿ ಕನ್ನಡದ ಪ್ರಶ್ನೆ ಓದುವುದನ್ನೇ ಬಿಟ್ಟಿದ್ದಾನಂತೆ. ಪುಟದ ಆ ಅರ್ಧವನ್ನು ಅಂಗೈಯಿಂದ ಮುಚ್ಚಿಕೊಂಡು, ಇಂಗ್ಲಿಷನ್ನೇ ನಿಧಾನವಾಗಿ ಕೂಡಿಸಿ ಓದುತ್ತಾನಂತೆ.